ಕಾರ್ಪೆಟ್ಟು ಕಿತ್ತ ದಿನ

ನನ್ನ ಎಡಗಾಲಿಗೆ ನಾನಿಟ್ಟ ಹೆಸರು ಅಳಿಯ. ಪಾರ್ಶ್ವವಾಯು ಬಡಿದು, ಆಸ್ಪತ್ರೆ ಮುಗಿಸಿ ಮನೆಗೆ ಬಂದ ವಾರವೇ ಈ ಹೆಸರು ಬಿತ್ತು. ಕರೆದರೆ ಬರುವುದಿಲ್ಲ, ಬಂದರೆ ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕೆಲಸ ಹೇಳುವಂತಿಲ್ಲ, ಹಾಗಂತ ಮನೆಯಿಂದ ಹೊರಗೆ ಹಾಕುವಂತೆಯೂ ಇಲ್ಲ. ಎಡಗೈ ಅಷ್ಟು ಕೆಟ್ಟದ್ದಲ್ಲ, ಹೇಳಿದ್ದನ್ನು ಕೇಳುತ್ತದೆ, ಆದರೆ ನಿಧಾನ. ಅದು ಅಳಿಯನ ತಮ್ಮ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಅಳಿಯಂದಿರು ಹೇಗಿದಾರೆ ಆಂಟಿ?" ಎಂದು ಕೇಳುತ್ತಾಳೆ. ನಮ್ಮ ಯಜಮಾನರಿಗೆ ಮಾತ್ರ ಈ ತಮಾಷೆ ಹಿಡಿಸಿಲ್ಲ. ಕಾಲನ್ನು ಕಾಲು ಎಂದರೆ ಸಾಲದೇ ಎನ್ನುತ್ತಾರೆ.

ನಮ್ಮ ಹಿತ್ತಲಲ್ಲಿ ಒಂದು ಗಾಡಿಮನೆ ನಿಂತಿದೆ. ಮೋಟರ್‌ಹೋಮ್ ಎನ್ನುತ್ತಾರಲ್ಲ, ಅದೇ. ಹೊರಗಿನಿಂದ ನೋಡಿದರೆ ಮೂಗು ಮೊಂಡಾದ ದೊಡ್ಡ ವ್ಯಾನು. ಒಳಗೆ ಒಂದು ಹಾಸಿಗೆ, ಒಂದು ಒಲೆ, ನೆಲಕ್ಕೆ ಬಿಗಿದ ಒಂದು ಮೇಜು, ಅದರ ಪಕ್ಕಕ್ಕೆ ಮೋಟು ಬೆಂಚು, ಒಬ್ಬರು ಹೊಕ್ಕರೆ ತಿರುಗಿಕೊಳ್ಳಲು ಜಾಗವಿಲ್ಲದ ಬಚ್ಚಲು. ನಾನು ಬಸ್ಸಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದ ಕಾಲದಲ್ಲಿ, ಇವರ ಬೀಗದ ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಇದನ್ನು ಹತ್ತಿಕೊಂಡು ರಸ್ತೆ ಇರುವ ಕಡೆಗೆಲ್ಲ ಹೋಗಿದ್ದೇವೆ. ದಾರಿಯುದ್ದಕ್ಕೂ ಜಗಳವಾಡಿದ್ದೇವೆ. ಆ ಜಗಳಗಳೆಲ್ಲ ಈಗ ಒಳ್ಳೆಯ ನೆನಪುಗಳ ಪಟ್ಟಿಗೆ ಸೇರಿಹೋಗಿವೆ.

ಆದರೆ ಕಾಯಿಲೆಯ ನಂತರ ಆ ಗಾಡಿ ನನಗೆ ಬೇರೆಯೇ ಆಗಿಬಿಟ್ಟಿತ್ತು. ಅದರ ನಡುದಾರಿ ಎಷ್ಟು ಕಿರಿದೆಂದರೆ, ಬಲಗೈ ಅಡುಗೆಕಟ್ಟೆಯ ಮೇಲಿದ್ದಾಗ ಎಡ ಮೊಣಕೈ ತಾನಾಗಿ ಎದುರಿನ ಬೀರುವಿಗೆ ತಾಗುತ್ತದೆ. ಎಲ್ಲಿ ವಾಲಿದರೂ ಒಂದು ಗೋಡೆ ಹೆಗಲು ಕೊಡುತ್ತದೆ. ಮನೆಯಲ್ಲಿ ಹಜಾರ ದಾಟಲು ನನಗೆ ಕೋಲು ಬೇಕು, ಕೋಲಿನ ಜೊತೆಗೆ ಯಾರದಾದರೂ ಒಂದು ಜೊತೆ ಕಣ್ಣು ಬೆನ್ನ ಮೇಲಿರುತ್ತದೆ. ಗಾಡಿಯಲ್ಲಿ ಹಾಗಲ್ಲ. ಹಾಸಿಗೆಯಿಂದ ಒಲೆಯವರೆಗೆ ನಾನು ಕೋಲಿಲ್ಲದೆ ನಡೆಯುತ್ತೇನೆ. ಇಡೀ ಭೂಮಿಯ ಮೇಲೆ ನಾನು ಹಾಗೆ ನಡೆಯುವ ಜಾಗ ಅದೊಂದೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಇವರಿಗೂ ಹೇಳಿರಲಿಲ್ಲ. ಬಾಯಿ ಬಿಟ್ಟರೆ ಅದೂ ಎಲ್ಲಿ ಕೈತಪ್ಪಿ ಹೋಗುವುದೋ ಎಂಬ ಅಳುಕು ಇತ್ತು. ಇವರು ಗಾಡಿಗೆ ಬಂದರೂ ಸ್ಟೀರಿಂಗಿನ ಮುಂದೆ ಇರುತ್ತಿದ್ದರು, ಇಲ್ಲವೇ ಹೊರಗೆ ನಲ್ಲಿ ಪೈಪಿನ ಜೊತೆ ಗುದ್ದಾಡುತ್ತಿದ್ದರು. ಹಾಗಾಗಿ ನಾನು ನಡೆಯುವುದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವರ ಕಣ್ಣಿಗೆ ಬಿದ್ದದ್ದು ನಾನು ಬಿದ್ದಾಗ.

ತಪ್ಪು ನನ್ನದಲ್ಲ, ಕಾರ್ಪೆಟ್ಟಿನದು. ಒಂದಾನೊಂದು ಕಾಲದಲ್ಲಿ ಕೆಂಪಗಿದ್ದ ಕಾರ್ಪೆಟ್ಟು ಅದು. ಈಗ ಬೇಯಿಸಿ ಬಸಿದ ಬೀಟ್‌ರೂಟಿನ ಸಿಪ್ಪೆಯ ಬಣ್ಣ. ನಾವು ನಾಯಿ ಸಾಕಿದವರೇ ಅಲ್ಲ, ಆದರೂ ಒದ್ದೆ ನಾಯಿಯ ವಾಸನೆ. ಒಲೆಯ ಬಳಿ ಅದರ ದಾರ ಬಿಟ್ಟುಕೊಂಡು ಒಂದು ಕುಣಿಕೆಯಾಗಿತ್ತು. ಅಳಿಯ ಪಾದ ಎತ್ತಿಡುವವನಲ್ಲ, ಎಳೆದುಕೊಂಡು ಬರುವವನು. ಆ ಕುಣಿಕೆಗೆ ಹೆಬ್ಬೆರಳು ಸಿಕ್ಕಿತು, ನಾನು ಒಲೆಗೂ ಮೇಜಿಗೂ ನಡುವೆ ಅಡ್ಡಡ್ಡ ಬಿದ್ದೆ. ಸದ್ದು ಕೇಳಿ ಇವರು ಓಡಿಬಂದರು. ನನ್ನ ಕಂಕುಳಿಗೆ ಕೈಹಾಕಿ ಎಳೆದರು. ಒಂದು ಸಲ ಎಳೆದರು, ಇನ್ನೊಂದು ಸಲ ಎಳೆದರು, ಮತ್ತೆ ಒಂದು ಬಗೆಯ ಸದ್ದು ಮಾಡಿ ನನ್ನ ಪಕ್ಕದಲ್ಲೇ ಮಲಗಿಬಿಟ್ಟರು. ಸೊಂಟ ಹಿಡಿದಿತ್ತು. ಪಕ್ಕದ ಮನೆಯ ಪೇಂಟರಮ್ಮ, ಗೋಡೆಗಳಿಗೆ ಬಣ್ಣ ಬಳಿಯುವ ಗಟ್ಟಿ ಹೆಂಗಸು, ಬಂದು ಇಣುಕಿದಾಗ ನಾವಿಬ್ಬರೂ ಗಾಡಿಯ ಚಾವಣಿ ನೋಡುತ್ತ ಮಲಗಿದ್ದೆವು.

"ಮೊದ್ಲು ಯಾರನ್ನ ಎತ್ಲಿ?" ಎಂದು ಅವಳು ಕೇಳಿದಳು.

ನನಗೆ ನಗು ತಡೆಯಲಾಗಲಿಲ್ಲ. ಇವರು ನಗಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡೇ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ, ವಿಷಯ ಹೊರಗೆ ಹಾಕಿದರು.

"ನಾಳೆ ಭಾನುವಾರ ಒಬ್ರು ನೋಡೋಕೆ ಬರ್ತಾರೆ."

"ಯಾರನ್ನ, ನನ್ನನ್ನಾ?"

"ಗಾಡೀನ. ಮಾರಿಬಿಡೋಣ ಅಂತ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೆ ಕೇಳ್ಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೋಪಿಷ್ಠೆ ಎಂಬುದು ಮೊದಲಿನಿಂದಲೂ ಎಲ್ಲರಿಗೂ ಗೊತ್ತು. ಕಾಯಿಲೆ ಬಂದ ಮೇಲೆ ಕೋಪ ಬಂದಾಗ ಎದ್ದು ಹೋಗಿ ಬಾಗಿಲು ಬಡಿಯಲು ಆಗುವುದಿಲ್ಲ, ಹಾಗಾಗಿ ಕೂತಲ್ಲೇ ಕೂತು ಎಲ್ಲವನ್ನೂ ಬಾಯಲ್ಲೇ ಮಾಡಬೇಕು.

"ನಾನು ಬಿದ್ದಿದ್ದಲ್ಲ ರೀ. ಆ ಕಾರ್ಪೆಟ್ಟು ಕೆಡವಿದ್ದು. ಅದನ್ನ ಕಿತ್ತು ಬಿಸಾಕಿದ್ರೆ ಮುಗೀತು."

"ಅದು ಕಿತ್ತು ಬರಲ್ಲ," ಎಂದರು ಇವರು, ಮತ್ತು ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆ ಇಣುಕಿತು. "ಹಾಕಿದ್ದು ಯಾರು?"

ಹಾಕಿದ್ದು ಅವರೇ. ಬೀಗದ ಕಸುಬಿನವರು ಏನನ್ನಾದರೂ ಬಿಗಿದರೆ ಅದನ್ನು ಬಿಚ್ಚುವ ದಿನ ಬರುತ್ತದೆಂದು ಯೋಚಿಸುವವರಲ್ಲ. ಅಂಟು ಸುರಿದು, ಮೇಲೆ ಪಿನ್ನು ಹೊಡೆದು, ಅಂಚಿಗೆ ತಗಡಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದಿದ್ದರು.

"ಕಿತ್ರೂ ಏನಾಯ್ತು? ಇನ್ನೊಂದು ದಿನ ಬೀಳ್ತೀಯ. ಆಗ ಎತ್ತೋರು ಯಾರು?" ಅವರು ಗುಂಡಿ ಹಾಕುವುದನ್ನು ನಿಲ್ಲಿಸಿದರು. "ನನ್ ಕೈಲಿ ಆಗ್ಲಿಲ್ಲ. ನೀನೇ ನೋಡ್ದೆಯಲ್ಲ. ನನ್ ಕೈಲಿ ಆಗ್ಲಿಲ್ಲ."

ಎರಡನೆಯ ಸಲ ಹೇಳುವಾಗ ದನಿ ಒಡೆಯಿತು. ನನ್ನ ಕೋಪದ ಕಾಲಡಿಯಿಂದ ನೆಲ ಜಾರಿದಂತಾಯಿತು. ಜಿಪುಣತನಕ್ಕೋ ಸೋಮಾರಿತನಕ್ಕೋ ಗಾಡಿ ಮಾರುತ್ತಿದ್ದರೆ ನಾನು ಬಯ್ದು ನಿಲ್ಲಿಸುತ್ತಿದ್ದೆ. ಹೆದರಿದ ಮನುಷ್ಯನನ್ನು ಏನೆಂದು ಬಯ್ಯುವುದು?

"ನೀವು ಎತ್ತೋದೇ ಬೇಡ. ಬಿದ್ದ ಮೇಲೆ ನಾನೇ ಎದ್ರೆ?"

"ಎದ್ದಾಗ ನೋಡೋಣ."

"ನೋಡೋಣ ಅಲ್ಲ. ಆ ಕಾರ್ಪೆಟ್ಟು ಪೂರ್ತಿ ಕಿತ್ತು, ನೆಲದ ಮೇಲೆ ಬಿದ್ದು, ಯಾರೂ ಮುಟ್ಟದೆ ನಾನೇ ಎದ್ದು ತೋರಿಸಿದ್ರೆ ಮಾರೋದಿಲ್ಲ. ಹ್ಞೂ ಅನ್ನಿ."

"ಹ್ಞೂ," ಎಂದರು ಇವರು, ಚಂದ್ರನನ್ನು ಕೇಳುವ ಮಗುವಿಗೆ ಹೇಳುವ ಹಾಗೆ, ಮತ್ತು ಅಂಗಡಿಗೆ ಹೊರಟುಹೋದರು. ಅವತ್ತು ಶನಿವಾರ.

ನೆಲದಿಂದ ಏಳುವುದು ನನಗೆ ಬರುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ. ವ್ಯಾಯಾಮದ ಹುಡುಗಿ, "ಬಿದ್ರೆ ಏಳೋದು ಹೇಗೆ ಅಂತ ಹೇಳ್ಕೊಡ್ತೀನಿ ಆಂಟಿ," ಎಂದಾಗ, "ಬೀಳದೇ ಇರೋದು ಹೇಗೆ ಅಂತ ಹೇಳ್ಕೊಡು, ಅದಕ್ಕೇ ನಿನ್ನ ಕರೆದಿರೋದು," ಎಂದು ಗದರಿದ್ದೆ. ಅವಳೂ ಬಿಡುವ ಪೈಕಿ ಅಲ್ಲ. ನಮ್ಮ ಹಜಾರದಲ್ಲಿ ತಾನೇ ಬಿದ್ದು, ತಾನೇ ಹೊರಳಿ, ತಾನೇ ಎದ್ದು ತೋರಿಸಿದ್ದಳು. ನಾನು ಟೀವಿ ನೋಡುವವಳ ಹಾಗೆ ನಟಿಸುತ್ತ ಓರೆಗಣ್ಣಲ್ಲಿ ಎಲ್ಲ ನೋಡಿಕೊಂಡಿದ್ದೆ. ನೋಡಿದ್ದು ಮಾಡಿದಂತಲ್ಲ, ಅದು ನನಗೆ ಗೊತ್ತಿತ್ತು.

ಇವರ ಸ್ಕೂಟರಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗುತ್ತಲೇ ನಾನು ಹಳೆಯ ಕೆಲಸದ ಚೀಲ ಕೊರಳಿಗೆ ಹಾಕಿಕೊಂಡು ಹಿತ್ತಲಿಗೆ ಇಳಿದೆ. ಚೀಲದಲ್ಲಿ ಸೀಟಿನ ಬಟ್ಟೆ ಕತ್ತರಿಸುವ ಕೊಕ್ಕೆಬಾಯಿಯ ಚಾಕು, ಪಿನ್ನು ಕೀಳುವ ಉಳಿ, ಸ್ಕ್ರೂಡ್ರೈವರು, ಒಮ್ಮೆ ಕಚ್ಚಿದರೆ ತಾನಾಗಿ ಬಾಯಿಬಿಡದ ಇಕ್ಕಳ, ಸೀಟಿನ ತಳಕ್ಕೆ ಹಾಕುವ ಅಗಲವಾದ ನೇಯ್ಗೆ ಪಟ್ಟಿಯ ಒಂದು ಉದ್ದ ತುಂಡು. ಗಾಡಿಯ ಮೆಟ್ಟಿಲು ಹತ್ತಲು ಅಳಿಯನನ್ನು ಎರಡೂ ಕೈಯಿಂದ ಎತ್ತಿ ಮೇಲಿಡಬೇಕಾಯಿತು. ಒಳಗೆ ಬಂದು ಕೋಲನ್ನು ಹಾಸಿಗೆಯ ಮೇಲೆ ಎಸೆದೆ. ಹಾಸಿಗೆಯ ದಿಂಬುಗಳನ್ನು ನೆಲಕ್ಕೆ ಕೆಡವಿದೆ. ಮೇಜಿನ ಕಾಲು ಹಿಡಿದು, ಕಣ್ಣು ಮುಚ್ಚಿ, ನೆಲಕ್ಕೆ ಕುಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನಾಗಿ ನಾನು ನೆಲಕ್ಕೆ ಹೋಗಿದ್ದು ಅದೇ ಮೊದಲು.

ಬಟ್ಟೆಯ ವಿಷಯದಲ್ಲಿ ನನಗೊಂದು ಅಭ್ಯಾಸವಿದೆ: ಇಡೀ ಹಾಸಿನ ಜೊತೆ ಕುಸ್ತಿಗೆ ಹೋಗುವುದಿಲ್ಲ. ಮೊದಲು ಸೀಳುತ್ತೇನೆ. ಅಂಗೈ ಅಗಲದ ಪಟ್ಟಿ ಮಾಡಿದರೆ ಎಂಥ ಒರಟು ರೆಕ್ಸಿನ್ನೂ ಮೆತ್ತಗಾಗುತ್ತದೆ. ಕುಂಡಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಚಾಕು ಎಳೆದೆ. ಅಳಿಯನ ತಮ್ಮ ಬಟ್ಟೆಯನ್ನು ಒತ್ತಿ ಹಿಡಿದುಕೊಳ್ಳುವಷ್ಟು ಉಪಕಾರ ಮಾಡಿದ. ತಗಡಿನ ಪಟ್ಟಿಯ ಸ್ಕ್ರೂಗಳು ಮಾತ್ರ ನನ್ನ ಬಾಯಲ್ಲಿದ್ದ ಬೈಗುಳದ ದಾಸ್ತಾನನ್ನೆಲ್ಲ ಖಾಲಿ ಮಾಡಿಸಿದವು. ನನ್ನ ಗಂಡ ಒಂದೊಂದು ಸ್ಕ್ರೂವಿನ ತಲೆಗೂ ಬಣ್ಣ ಬಳಿದು ಮುಚ್ಚಿದ್ದರು, ಕಳ್ಳರು ಕಾರ್ಪೆಟ್ಟು ಹೊತ್ತುಕೊಂಡು ಹೋಗಬಾರದಲ್ಲ.

ಸೀಳಿದ್ದಾಯಿತು. ಕೀಳುವುದು ಆಗಲಿಲ್ಲ. ಇಕ್ಕಳದಿಂದ ಮೊದಲ ಪಟ್ಟಿಯ ತುದಿ ಕಚ್ಚಿಸಿ ಬಲಗೈಯಿಂದ ಎಳೆದೆ. ಕಾರ್ಪೆಟ್ಟು ಕ್ಯಾರೇ ಅನ್ನಲಿಲ್ಲ. ಮತ್ತೆ ಎಳೆದೆ, ಹಲ್ಲು ಕಚ್ಚಿ ಎಳೆದೆ, ಭುಜ ಬಿದ್ದುಹೋಗುವ ಹಾಗೆ ಎಳೆದೆ. ಒಂದು ಬೆರಳಗಲ ಬಂದಿದ್ದರೆ ಹೆಚ್ಚು. ಹೀಗೇ ಆದರೆ ಭಾನುವಾರವಲ್ಲ, ಮುಂದಿನ ವರ್ಷದ ಭಾನುವಾರವೂ ಸಾಲದು. ನನಗೆ ಅಳು ಬಂತು. ಕೋಪಿಷ್ಠರ ಅಳು ಬಲು ಕೆಟ್ಟದ್ದು, ಮೂಗೇ ಹೆಚ್ಚು ಸುರಿಯುತ್ತದೆ. ಒರೆಸಿಕೊಂಡು, ಕೈ ಜಾರದಿರಲೆಂದು ಇಕ್ಕಳಕ್ಕೆ ಸೀಟಿನ ಪಟ್ಟಿ ಗಂಟು ಹಾಕಿ, ಅದನ್ನು ಮುಂಗೈಗೆ ಸುತ್ತಿಕೊಂಡು ಇನ್ನೊಂದು ಸಲ ಜಗ್ಗಿದೆ. ತೂಕ ತಪ್ಪಿತು. ಹಿಂದಕ್ಕೆ ಧೊಪ್ಪನೆ ಬಿದ್ದೆ.

ಬೀಳುವಾಗ ಚರ್ರ್ ಎಂಬ ಸದ್ದು ಕೇಳಿತು. ನನ್ನದೇ ಯಾವುದೋ ನರ ಹರಿಯಿತೆಂದುಕೊಂಡೆ. ದಿಂಬಿನ ಮೇಲೆ ಬಿದ್ದವಳು ಕತ್ತೆತ್ತಿ ನೋಡಿದರೆ, ಹರಿದದ್ದು ಕಾರ್ಪೆಟ್ಟು. ಮೊಳದುದ್ದ ಪಟ್ಟಿ ಅಂಟು ಬಿಟ್ಟು, ಪಿನ್ನುಗಳನ್ನೂ ಕಿತ್ತುಕೊಂಡು, ಗಾಳಿಯಲ್ಲಿ ನಿಂತಿತ್ತು.

ನಾನು ಮಲಗಿದಲ್ಲೇ ಯೋಚಿಸಿದೆ. ನನ್ನ ಕೈಗೆ ಶಕ್ತಿ ಇಲ್ಲ. ಆದರೆ ಮೈಗೆ ಭಾರ ಇದೆ, ದೇವರ ದಯೆಯಿಂದ ಬೇಕಾದಷ್ಟಿದೆ. ಮತ್ತು ಈ ಕಾಯಿಲೆ ನನಗೆ ಕಲಿಸಿಕೊಟ್ಟ ಒಂದೇ ಒಂದು ವಿದ್ಯೆ ಬೀಳುವುದು. ಎಲ್ಲರೂ ನನ್ನನ್ನು ಯಾವುದರಿಂದ ಕಾಪಾಡಲು ಒದ್ದಾಡುತ್ತಿದ್ದರೋ ಅದೇ ಕೆಲಸಕ್ಕೆ ಬರುವುದಾದರೆ ಬಿಡುವುದು ಯಾಕೆ?

ಸೀಟಿನ ಪಟ್ಟಿಯನ್ನು ಮುಂಗೈಯಿಂದ ಬಿಚ್ಚಿ ಕಂಕುಳ ಕೆಳಗಿನಿಂದ ಎದೆಗೆ ಸುತ್ತಿ ಕಟ್ಟಿಕೊಂಡೆ. ಬಲಪಾದವನ್ನು ಬೀರುವಿನ ಬುಡಕ್ಕೆ ಒತ್ತಿದೆ. ಬೆನ್ನ ಹಿಂದೆ ದಿಂಬು ಸರಿ ಮಾಡಿದೆ. ಬಿದ್ದೆ. ಚರ್ರ್. ಮೇಜಿನ ಕಾಲು ಹಿಡಿದು ಎದ್ದು ಕೂತೆ, ಇಕ್ಕಳವನ್ನು ಮುಂದಕ್ಕೆ ಕಚ್ಚಿಸಿದೆ, ಬಿದ್ದೆ. ಚರ್ರ್. ಒಂದು ಪಟ್ಟಿ ಪೂರ್ತಿ ಬಂದಾಗ ಅದನ್ನು ಸುರುಳಿ ಸುತ್ತಿ ಬಾಗಿಲ ಕಡೆಗೆ ತಳ್ಳಿದೆ. ಎರಡನೆಯ ಪಟ್ಟಿ ಮೊದಲಿನದಕ್ಕಿಂತ ಬೇಗ ಬಂತು. ಆಮೇಲೆ ಎಣಿಸುವ ಗೊಡವೆಗೆ ಹೋಗಲಿಲ್ಲ. ಬೆವರು ಕಿತ್ತುಕೊಂಡು ಬಂತು, ಕೂದಲು ಬಿಚ್ಚಿಹೋಯಿತು, ನಾನು ಒಬ್ಬಳೇ ಆ ಡಬ್ಬಿಯೊಳಗೆ ಬೀಳುತ್ತ, ಏಳುತ್ತ, ಹುಚ್ಚಿಯ ಹಾಗೆ ನಗುತ್ತಿದ್ದೆ. ಅಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

ಆ ಸಂತೋಷಕ್ಕೆ ಕಲ್ಲು ಹಾಕಿದ್ದು ಮತ್ತೆ ನನ್ನ ಗಂಡನೇ. ಕೆಂಪು ಕಾರ್ಪೆಟ್ಟಿನ ಕೊನೆಯ ಪಟ್ಟಿ ಎದ್ದಾಗ ಕೆಳಗೆ ನೆಲವಿರಲಿಲ್ಲ. ಹಳದಿ ಕಾರ್ಪೆಟ್ಟಿತ್ತು.

ನಮ್ಮ ಮುಂಬಾಗಿಲಿಗೆ ಮೂರು ಬೀಗದ ತೂತುಗಳಿವೆ. ಒಂದು ಕೆಟ್ಟಾಗ ಅದನ್ನು ತೆಗೆಯದೆ ಪಕ್ಕದಲ್ಲಿ ಇನ್ನೊಂದು ಕೂರಿಸುವುದು ಇವರ ಪದ್ಧತಿ. ತೆಗೆದರೆ ಬಾಗಿಲು ಬಡವಾಗುತ್ತದಂತೆ. ಗಾಡಿಯನ್ನು ಕೊಂಡ ಹೊಸತರಲ್ಲಿ ನಾನು ಹಳದಿ ಬಣ್ಣ ಸಹಿಸಲಾರೆ ಎಂದಿದ್ದೆ, ವಾರ ಕಳೆಯುವುದರಲ್ಲಿ ಕೆಂಪು ಬಂದಿತ್ತು. ಹಳದಿ ಎಲ್ಲಿ ಹೋಯಿತೆಂದು ನಾನು ಕೇಳಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ, ಇಷ್ಟು ವರ್ಷ ನಮ್ಮ ಕಾಲ ಕೆಳಗೇ ಬೆಚ್ಚಗೆ ಮಲಗಿತ್ತು. ಅದರ ಅಂಟೋ ಕಾರ್ಖಾನೆಯದು, ಉಡದ ಹಾಗೆ ಹಿಡಿದಿತ್ತು. ಬಿದ್ದು ನೋಡಿದೆ. ಚರ್ರ್ ಅನ್ನಲಿಲ್ಲ. ಸೀಟಿನ ಪಟ್ಟಿ ನನ್ನ ಎದೆಯನ್ನೇ ಬಿಗಿಯಿತು.

"ಏನ್ರೀ ಅದು ಬೆಳಗ್ಗಿಂದ ಧಡ್ ಧಡ್ ಅಂತ?" ಕಿಟಕಿಯಲ್ಲಿ ಪೇಂಟರಮ್ಮನ ಮುಖ. "ಮತ್ತೆ ಬಿದ್ರಾ?"

"ಬೀಳ್ತಾ ಇದೀನಿ. ಕೆಲಸ ಇದೆ."

ಅವಳು ಒಳಗೆಲ್ಲ ಕಣ್ಣಾಡಿಸಿದಳು. "ಬಾಗಿಲಿಂದ ಬರ್ತೀನಿ ಇರಿ."

ಅವಳು ಬಾಗಿಲು ತಳ್ಳಿದಳು. ಬಾಗಿಲು ತೆರೆಯಲಿಲ್ಲ. ಆಗ ನನ್ನ ಬುದ್ಧಿವಂತಿಕೆ ನನಗೇ ಗೊತ್ತಾಯಿತು. ಹೊರಗೆ ಎಸೆಯಲು ಸುಲಭವಾಗಲೆಂದು ಸುರುಳಿಗಳನ್ನೆಲ್ಲ ಬಾಗಿಲಿಗೆ ಒತ್ತಿ ಒತ್ತಿ ತಳ್ಳಿದ್ದೆ. ಒಳಕ್ಕೆ ತೆರೆಯುವ ಬಾಗಿಲದು. ಸುರುಳಿಗಳು ಒಂದಕ್ಕೊಂದು ಪಿನ್ನು ಚುಚ್ಚಿಕೊಂಡು ಗೋಡೆಯಾಗಿ ನಿಂತಿದ್ದವು. ಅದರ ಮೇಲೆ ಹತ್ತಿ ಹೋಗುವುದು ಎರಡು ಕಾಲು ಇದ್ದವರಿಗೇ ಕಷ್ಟ. ನಾನು ನನ್ನನ್ನೇ ಒಳಗೆ ಹಾಕಿ ಚಿಲಕ ಹಾಕಿಕೊಂಡಿದ್ದೆ. ಬೀಗದವರ ಹೆಂಡತಿ ಇನ್ನೇನು ಮಾಡಿಯಾಳು?

"ಗಾಡಿಗೆ ಸುತ್ತು ಬಂದು ಡ್ರೈವರ್ ಬಾಗಿಲಿಂದ ಬರ್ಲಾ? ಎತ್ತಿ ಕೂರಿಸ್ತೀನಿ."

ನೆಲದ ಮೇಲೆ ಕೂತು ಕೂತು ಸೊಂಟದಿಂದ ಕೆಳಗೆ ಜೋಮು ಹಿಡಿದಿತ್ತು. ಹ್ಞೂ ಎನ್ನಲು ಬಾಯಿ ತೆರೆದೆ. ಅವಳು ಎತ್ತಿದರೆ ನಿಮಿಷದಲ್ಲಿ ಬೆಂಚಿನ ಮೇಲಿರುತ್ತೇನೆ. ಆದರೆ ಪಂತ ಸೋತಂತೆ, ಭಾನುವಾರ ಆ ಮನುಷ್ಯ ಬರುತ್ತಾನೆ, ಗಾಡಿ ಹೋಗುತ್ತದೆ.

"ನೀವು ಬೇಡ," ಎಂದೆ. "ಹಳೇ ಬಣ್ಣ ಕೆರೆಯೋಕೆ ಬಿಸಿಗಾಳಿ ಊದೋ ಮೆಷಿನ್ ಇದೆಯಲ್ಲ ನಿಮ್ಮತ್ರ, ಅದು ಬೇಕು. ಕೆರೆಯೋ ಪಟ್ಟಿನೂ ಬೇಕು."

"ಮೆಷಿನ್ ಬೇಕು, ನಾನು ಬೇಡ."

"ಬೇಜಾರು ಮಾಡ್ಕೋಬೇಡಿ."

"ನನಗ್ಯಾಕೆ ಬೇಜಾರು. ಎತ್ತೋ ಕೂಲಿ ಉಳೀತು," ಎಂದು ಅವಳು ಹೋದಳು. ಸ್ವಲ್ಪ ಹೊತ್ತಿಗೆ ವೈರು ಎಳೆದುಕೊಂಡು ಬಂದು, ಬಾವಿಗೆ ಕೊಡ ಇಳಿಸಿದ ಹಾಗೆ ಕಿಟಕಿಯಿಂದ ಮೆಷಿನ್ನನ್ನು ಮೆಲ್ಲಗೆ ಇಳಿಸಿದಳು. ಆಮೇಲೆ ಕೆರೆಯುವ ಪಟ್ಟಿ, ಮುಖಕ್ಕೆ ಕಟ್ಟಿಕೊಳ್ಳಲು ಒಂದು ಬಟ್ಟೆ, ಒಂದು ಬಾಟಲಿ ನೀರು. ಇನ್ನೊಂದು ಕಿಟಕಿಯನ್ನೂ ಹೊರಗಿನಿಂದ ಪೂರ್ತಿ ಸರಿಸಿದಳು. "ಹತ್ರ ಹಿಡೀಬೇಡಿ, ಸುಟ್ಟು ಹೋಗುತ್ತೆ," ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು. ನನ್ನನ್ನು ನನ್ನ ಪಾಡಿಗೆ ಬಿಟ್ಟು ಹೋದದ್ದು ಎಷ್ಟೋ ತಿಂಗಳುಗಳಲ್ಲಿ ಅವಳೊಬ್ಬಳೇ.

ಬಿಸಿ ತಾಗಿದ ಮೇಲೆ ಹಳದಿ ಕಾರ್ಪೆಟ್ಟಿನ ಸೊಕ್ಕು ಇಳಿಯಿತು. ಬಲಗೈಲಿ ಬಿಸಿಗಾಳಿ, ಆಮೇಲೆ ಅದೇ ಕೈಲಿ ಕೆರೆಯುವ ಪಟ್ಟಿ, ಆಮೇಲೆ ಎದೆಗೆ ಕಟ್ಟಿದ ಇಕ್ಕಳ, ಆಮೇಲೆ ಬೀಳುವುದು. ಮೊದಲಿನಷ್ಟು ಬೇಗ ಆಗಲಿಲ್ಲ. ಎರಡು ಸಲ ಇನ್ನು ಸಾಕು ಅನ್ನಿಸಿ ಸುಮ್ಮನೆ ಮಲಗಿದ್ದೆ. ಆದರೆ ಕೆಳಗಿನಿಂದ ಹಲಗೆ ಕಾಣಿಸತೊಡಗಿತ್ತು. ನಯವಾದ, ತೆಳು ಕಂದು ಬಣ್ಣದ, ಯಾರ ಕಾಲೂ ತಾಗದ ಹಲಗೆ. ಅದರ ಮೇಲೆ ಅಂಗೈ ಇಟ್ಟು ಸವರಿದರೆ ಕೈ ತಡೆಯಿಲ್ಲದೆ ಸರಿಯಿತು. ಆ ನೆಲದ ಆಸೆ ಹತ್ತಿ ಮಿಕ್ಕದ್ದನ್ನೂ ಮುಗಿಸಿದೆ. ಹಳದಿ ಸುರುಳಿಗಳನ್ನು ಕಿಟಕಿಗೆ ಎಸೆಯಲು ಹೋಗಿ ಅರ್ಧ ನನ್ನ ತಲೆಯ ಮೇಲೇ ಬಿದ್ದವು.

ಈಗ ಏಳಬೇಕಿತ್ತು.

ಹುಡುಗಿ ತೋರಿಸಿದ್ದನ್ನು ನೆನಪು ಮಾಡಿಕೊಂಡೆ. ಮೊದಲು ಪಕ್ಕಕ್ಕೆ ಹೊರಳಬೇಕು, ಒಳ್ಳೆಯ ಕಡೆಗೆ. ಹೊರಳಿದೆ. ಬಲ ಮೊಣಕೈಗೆ ಭಾರ ಕೊಟ್ಟು ಅಂಬೆಗಾಲಿಗೆ ಬರಬೇಕು. ಅಳಿಯ ಬರಲಿಲ್ಲ, ಹಿಂದೆಯೇ ಮಲಗಿದ್ದ. ಮುಖ ಅಡಿಯಾಗಿ ಬಿದ್ದೆ. ಮತ್ತೆ ಹೊರಳಿದೆ. ಈ ಸಲ ಅಳಿಯನ ತಮ್ಮನನ್ನು ಕಳಿಸಿದೆ. ಅವನು ಪ್ಯಾಂಟಿನ ಬಟ್ಟೆ ಹಿಡಿದು ಅಣ್ಣನನ್ನು ಎಳೆದ. ಕಾರ್ಪೆಟ್ಟು ಇದ್ದಿದ್ದರೆ ಮಂಡಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಬರೀ ಹಲಗೆಯ ಮೇಲೆ ಅದು ಸರ್ರನೆ ಜಾರಿ ನನ್ನ ಹೊಟ್ಟೆಯ ಕೆಳಗೆ ಬಂತು. ಅಂಬೆಗಾಲಿಡುತ್ತ ಬೆಂಚಿನವರೆಗೆ ಹೋದೆ. ಎರಡೂ ಮೊಣಕೈ ಬೆಂಚಿನ ಮೇಲೆ ಊರಿದೆ, ಬಲಪಾದವನ್ನು ಮುಂದೆ ಇಟ್ಟೆ, ಒತ್ತಿದೆ. ಅರ್ಧಕ್ಕೆ ಬಂದು ಇಳಿದುಹೋದೆ. ಉಸಿರು ಎಳೆದುಕೊಂಡು ಮತ್ತೆ ಒತ್ತಿದೆ. ತೊಡೆ ನಡುಗಿತು, ಕಣ್ಣು ಕತ್ತಲಿಟ್ಟಿತು, ಕುಂಡಿ ಬೆಂಚಿನ ಅಂಚಿಗೆ ಏರಿತು. ಅಲ್ಲಿಂದ ಮೇಜು ಹಿಡಿದು ನಿಂತೆ.

ನಿಂತವಳು ಕೂರಲಿಲ್ಲ. ಬಲಗೈ ಕಟ್ಟೆಯ ಮೇಲಿಟ್ಟು ನಡೆದೆ. ಅಳಿಯನ ಹೆಬ್ಬೆರಳು ಎಲ್ಲಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಹಾಸಿಗೆಯಿಂದ ಒಲೆಗೆ, ಒಲೆಯಿಂದ ಹಾಸಿಗೆಗೆ, ಸುಮ್ಮನೆ, ಏನೂ ಕೆಲಸವಿಲ್ಲದೆ ಓಡಾಡಿದೆ.

ಸ್ಕೂಟರಿನ ಸದ್ದು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಮನೆಯೊಳಗೆ ನನ್ನನ್ನು ಹುಡುಕಿ, ಸಿಗದೆ, ಇವರು ಹಿತ್ತಲಿಗೆ ಬಂದರು. ಗಾಡಿಯ ಬಾಗಿಲು ತಳ್ಳಿದರು.

"ಏ, ಬಿದ್ಯಾ?" ಎಂದು ಬಾಗಿಲು ಬಡಿದರು.

"ಹ್ಞೂ, ಬೆಳಗ್ಗಿಂದ ಬೀಳ್ತಾನೇ ಇದೀನಿ. ಬಾಗಿಲಿಗೆ ನಿಮ್ಮ ಕಾರ್ಪೆಟ್ಟು ಅಡ್ಡ ಇದೆ. ಮುಂದಿಂದ ಬನ್ನಿ."

ಡ್ರೈವರ್ ಸೀಟಿನ ಕಡೆಯಿಂದ ನುಗ್ಗಿ ಬಂದವರು ನಡುದಾರಿಗೆ ಕಾಲಿಟ್ಟು ನಿಂತುಬಿಟ್ಟರು. ನೆಲ ನೋಡಿದರು, ಸುರುಳಿಗಳ ಗುಡ್ಡ ನೋಡಿದರು, ಒಂದು ಕೆಂಪು ಪಟ್ಟಿ ಎತ್ತಿ ಹಿಂಭಾಗದ ಅಂಟಿಗೆ ಉಗುರು ತಾಗಿಸಿ ನೋಡಿದರು. ತಮ್ಮ ಬೀಗವನ್ನು ಯಾರೋ ತೆರೆದಿದ್ದಾರೆಂದು ನಂಬದ ಮುಖ.

"ಪೇಂಟರಮ್ಮ ಮಾಡಿದ್ರಾ?"

"ಅವರು ಮೆಷಿನ್ ಕೊಟ್ರು. ಕೈ ಹಚ್ಚಿಲ್ಲ."

"ಸರಿ. ಕಿತ್ತಿದೀಯ." ಪಟ್ಟಿ ಕೆಳಗಿಟ್ಟರು. "ಆದ್ರೆ..."

"ಗೊತ್ತು," ಎಂದೆ, ಮತ್ತು ಅವರ ಕಣ್ಣೆದುರಿಗೇ ಮೇಜು ಹಿಡಿದು ನೆಲಕ್ಕೆ ಕುಸಿದೆ.

ಅವರು ಎರಡೂ ಕೈ ಚಾಚಿಕೊಂಡು ಧಾವಿಸಿದರು.

"ಕೈ ಜೇಬಲ್ಲಿಟ್ಕೊಳಿ."

"ಏ ಇವಳೇ, ಸುಮ್ನೆ ಯಾಕೆ..."

"ಜೇಬಲ್ಲಿ. ಎರಡೂ."

ಇಟ್ಟುಕೊಂಡರು. ನಾನು ಪೂರ್ತಿ ಅಂಗಾತ ಮಲಗಿದೆ, ಆಮೇಲೆ ಯಾರೂ ಅರ್ಧ ಬಿದ್ದಿದ್ದೆ ಎನ್ನಬಾರದು. ಮೇಲಿನಿಂದ ನೋಡುತ್ತಿದ್ದ ಅವರ ಮುಖ ಬಿಳಿಚಿಕೊಂಡಿತ್ತು. ಹೊರಳಿದೆ. ಅಳಿಯ ಹಟ ಹಿಡಿದ. ಎಳೆದುಕೊಂಡೆ. ಅಂಬೆಗಾಲಿಗೆ ಬರುವಾಗ ಒಮ್ಮೆ ಮೊಣಕೈ ಜಾರಿತು, ಇವರ ಗಂಟಲಿಂದ ಸಣ್ಣ ಸದ್ದು ಬಂತು, ಕೈ ಬರಲಿಲ್ಲ. ದಿನವಿಡೀ ದುಡಿದ ಮೈ, ಬೆಂಚು ಮುಟ್ಟುವ ಹೊತ್ತಿಗೆ ಇನ್ನು ಆಗುವುದಿಲ್ಲ ಎಂದುಬಿಟ್ಟಿತು. ಬೆಂಚಿಗೆ ಹಣೆ ಒತ್ತಿಕೊಂಡು ಹಾಗೇ ಇದ್ದೆ. ಎಷ್ಟು ಹೊತ್ತೋ. ಹಿಂದಿನಿಂದ ಕಿಣಿ ಕಿಣಿ ಸದ್ದು ಕೇಳುತ್ತಿತ್ತು. ಏನೆಂದು ತಿಳಿಯಲು ಸ್ವಲ್ಪ ಸಮಯ ಬೇಕಾಯಿತು. ಅಂಗಡಿಯ ಬೀಗದಕೈಗಳು ಇವರ ಜೇಬಿನಲ್ಲಿದ್ದವು, ಜೇಬಿನೊಳಗೆ ಕೈ ನಡುಗುತ್ತಿತ್ತು. ಅಷ್ಟು ನಡುಗುತ್ತಿದ್ದರೂ ಅವರು ಅದನ್ನು ಹೊರಗೆ ತೆಗೆದಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮನುಷ್ಯ ನನಗಾಗಿ ಮಾಡಿದ ಅತಿ ಕಷ್ಟದ ಕೆಲಸ ಅದು ಎಂದು ನನಗೆ ಆಗ ಅನ್ನಿಸಿತು. ನನ್ನ ಪಾಲಿನದನ್ನು ನಾನು ಮಾಡದಿದ್ದರೆ ಹೇಗೆ? ಬಲಪಾದ ಮುಂದಿಟ್ಟು ಒತ್ತಿದೆ. ಬೆಂಚಿಗೆ ಏರಿದೆ. ಮೇಜು ಹಿಡಿದು ನಿಂತೆ.

ಬಾಯಾರಿತ್ತು. ನೀರಿನ ಬಾಟಲಿ ಒಲೆಯ ಪಕ್ಕದಲ್ಲಿತ್ತು. ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೋಗಿ ತೆಗೆದುಕೊಂಡೆ, ಕುಡಿದೆ, ಅವರಿಗೂ ಬೇಕೇನೋ ಎಂದು ತಿರುಗಿ ಬಂದೆ. ಅವರು ನನ್ನನ್ನು ನೋಡಿದರು, ಹಾಸಿಗೆಯ ಮೇಲೆ ಬಿದ್ದಿದ್ದ ಕೋಲನ್ನು ನೋಡಿದರು, ಮತ್ತೆ ನನ್ನ ಪಾದಗಳನ್ನು ನೋಡಿದರು.

"ಕೋಲಿಲ್ದೆ," ಎಂದರು.

"ಇಲ್ಲಿ ಯಾವಾಗ್ಲೂ ಕೋಲಿಲ್ದೇನೇ," ಎಂದೆ.

ಅವರು ಬಾಟಲಿ ಈಸಿಕೊಳ್ಳುವುದನ್ನು ಮರೆತು ಮುಂದಿನ ಬಾಗಿಲಿಂದ ಇಳಿದುಹೋದರು. ಕಿಟಕಿಯ ಕೆಳಗೆ ನಿಂತು ಮೂಗು ಏರಿಸಿಕೊಂಡ ಸದ್ದು ಕೇಳಿತು. ಆಮೇಲೆ ಫೋನಿನಲ್ಲಿ ಮಾತಾಡತೊಡಗಿದರು.

"ನಾಳೆ ಬರ್ಬೇಡಿ ಸ್ವಾಮಿ. ಗಾಡಿ ಕೊಡ್ತಿಲ್ಲ... ಇಲ್ಲ ಇಲ್ಲ, ಬೇರೆಯವರಿಗೂ ಕೊಡ್ತಿಲ್ಲ."

ಆ ಕಡೆಯವನು ಕಾರಣ ಕೇಳಿರಬೇಕು. ನಾನು ಕಿಟಕಿಯ ಅಂಚು ಹಿಡಿದು ಕಿವಿಗೊಟ್ಟೆ.

"ಇದ್ರಲ್ಲಿ ನಮ್ಮನೆಯವಳು ನಡೀತಾಳೆ," ಎಂದರು. ಆತನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಇವರು ಇನ್ನಷ್ಟು ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ, ಇನ್ನೊಂದು ಸಲ ಹೇಳಿದರು. "ನಡೀತಾಳೆ ಸ್ವಾಮಿ. ನಾನೇ ಈಗ ನೋಡ್ದೆ."